ಎಂಟನೆಯ ದಿನದ ಸಸಿ

ಆ ಊರಿನಲ್ಲಿ ಸುಳ್ಳು ಹೇಳಿ ಊರಿದ ಬೀಜ ಮೊಳೆಯುತ್ತಿರಲಿಲ್ಲ. ಅದಕ್ಕೇ ಜಗಳವಾಡಿದ ಗಂಡಹೆಂಡಿರು ಬೂದಿಯಲ್ಲಿ ಒಣಗಿಸಿದ ಟೊಮೆಟೊ ಬೀಜವನ್ನು ತಂತಮ್ಮ ಲೋಟದ ಮಣ್ಣಿನಲ್ಲಿ ಊರಿ, "ನನಗೆ ಸಿಟ್ಟಿಲ್ಲ" ಎನ್ನಬೇಕು. ಯಾರದು ಮೊಳೆಯಲಿಲ್ಲವೋ ಅವರು ಎಂಟನೆಯ ದಿನ ಮನೆ ಬಿಡಬೇಕು.

ನೀಲವ್ವ ಹೇಳಿದ್ದು ಶುದ್ಧ ಸುಳ್ಳು. ತವರಿನವರು ಕೊಟ್ಟ ಎಮ್ಮೆಯನ್ನು ಗಂಡ ಕಲ್ಮೇಶ ಒಂದು ಮಾತೂ ಕೇಳದೆ ಮಾರಿದ್ದ. ಎಂಟನೆಯ ಬೆಳಿಗ್ಗೆ ಅತ್ತೆ ಲೋಟಗಳಿದ್ದ ಕಿಟಕಿಯ ಬಳಿ ಹೋದಳು.

"ನಿಂದು ಹುಟ್ಟೈತಿ ನೋಡವಾ!" ಎಂದಳು ಅತ್ತೆ.

ನೀಲವ್ವನ ಲೋಟದಲ್ಲಿ ಎರಡೆಲೆಯ ಸಸಿ. ಬುಡದಲ್ಲಿ ಈಗಷ್ಟೇ ಒತ್ತಿದ ಹೆಬ್ಬೆರಳ ಗುರುತು. ಗಂಡನ ಲೋಟದಲ್ಲಿ ಕೆದಕಿದ ಮಣ್ಣು.

"ನಂದು ಹುಟ್ಟಲಿಲ್ಲ ಬಿಡವ್ವಾ," ಎನ್ನುತ್ತ ಕಲ್ಮೇಶ ಚೀಲ ಹೆಗಲಿಗೇರಿಸಿದ.

ನೀಲವ್ವ ಆ ಚೀಲ ಹಿಡಿದು ಜಗ್ಗಿದಳು.

"ಅತ್ತಿ, ಈ ಸಸಿ ಅವರದು. ನನಗ ಇನ್ನೊಂದು ಬೀಜ ಕೊಡ್ರಿ. ಈಗ ಹೇಳಿದ್ರ ಹುಟ್ಟತೈತಿ."