ಬೆಳ್ಳುಳ್ಳಿ ಮಡಿ

ಅಂದು ಬೆಳಗಿನ ಮಳೆ ನಮಾಜಿನ ಹೊತ್ತಿಗೆ ನಿಂತಿತ್ತು. ಬೆಟ್ಟದ ಮೇಲೆ ಮೋಡ ಇನ್ನೂ ಕೂತಿತ್ತು. ಅಂಗಳದ ಮಣ್ಣು ಹದವಾಗಿತ್ತು. ತಸ್ಲೀಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆಯನ್ನೇ ನೋಡುತ್ತಿದ್ದಳು. ಮುದುಕಿ ಫಾಜಿ ಮೂಲೆಯ ಆಳೆತ್ತರದ ಬೇಲಿಯೊಳಗಿಂದ ಹೊರಬಂದಳು. ಕದಕ್ಕೆ ಬೀಗ ಹಾಕಿದಳು. ಬೀಗದ ಕೈಯನ್ನು ಫೆರನ್ ನಿಲುವಂಗಿಯ ಒಳಜೇಬಿಗೆ ಇಳಿಬಿಟ್ಟಳು. ಉಗುರ ತುಂಬ ಮಣ್ಣು.

ಕೇಳಿದರೆ, "ಬೆಳ್ಳುಳ್ಳಿ ಮಡಿ" ಎನ್ನುತ್ತಿದ್ದಳು. ಆ ಬೆಳ್ಳುಳ್ಳಿ ಒಮ್ಮೆಯೂ ಒಲೆಯ ತನಕ ಬಂದದ್ದಿಲ್ಲ. ಆ ಮೂಲೆಗೆ ತೆರೆಯುವ ಒಂದೇ ಕಿಟಕಿ ಅವಳ ಕೋಣೆಯದು.

ತಸ್ಲೀಮಾಳ ಗಂಡ ಶಾಲಿನ ಗಂಟು ಹೊತ್ತು ಕೋಲ್ಕತ್ತಾಗೆ ಹೋದರೆ ಅರ್ಧ ವರ್ಷ ಮನೆಯಲ್ಲಿ ಇವರಿಬ್ಬರೇ. ಫಾಜಿ ಒಂದು ರಾತ್ರಿಯೂ ಮನೆ ಬಿಟ್ಟವಳಲ್ಲ. ಸ್ವಂತ ತಮ್ಮ ತೀರಿಕೊಂಡಾಗಲೂ ಮುಖ ನೋಡಿ ಸಂಜೆಗೇ ವಾಪಸು. ಸೊಸೆಯನ್ನು ಕಾಯೋದಕ್ಕೆ ಅಂತ ಕೇರಿ ನಗುತ್ತಿತ್ತು. ತಸ್ಲೀಮಾಗೆ ನಗು ಬರುತ್ತಿರಲಿಲ್ಲ, ಉಸಿರು ಕಟ್ಟುತ್ತಿತ್ತು.

ಒಂದು ಕಾಲಕ್ಕೆ ಅವಳ ಐರಿಸ್ ಹೂವಿಗೆ ಊರೇ ಬರುತ್ತಿತ್ತು. ಗೋರಿಗಳ ಮೇಲೆ ನೆಡುವ ಹೂವದು. ಯಾರ ಮನೆಯಲ್ಲಿ ಸಾವಾದರೂ ಗೆಡ್ಡೆ ತಸ್ಲೀಮಾಳದೇ. ಆಮೇಲೆ ಅವಳಿಗೇ ಬೇಕಾಯಿತು. ಬೀದಿ ಬಾಗಿಲೇ ತೆರೆಯದಷ್ಟು ಹಿಮ ಬಿದ್ದ ದಿನ, ಮಗು ಅಳದೆಯೇ ಹುಟ್ಟಿತು. ಸೂಲಗಿತ್ತಿಗೂ ಬರಲಾಗಲಿಲ್ಲ, ಹೆರಿಗೆ ಮಾಡಿಸಿದವಳು ಅತ್ತೆಯೇ. ತಸ್ಲೀಮಾ ಜ್ವರದಿಂದ ಕಣ್ಣು ಬಿಟ್ಟಾಗ ಫಾಜಿ ಹೇಳಿದ್ದು ಇಷ್ಟು: "ಗೋರಿಸ್ಥಾನದಲ್ಲಿ ನಿನ್ನ ಮಾವನ ಪಾದದ ಹತ್ರ ಮಲಗಿಸಿದೀನಿ. ಅಲ್ಲಾಹುವಿಗೆ ಒಪ್ಪಿಸಿ ಆಯ್ತು. ಇನ್ನು ಕೇಳಬೇಡ."

ಹಿಮ ಕರಗಿದ ಮೇಲೆ ತಸ್ಲೀಮಾ ಗೋರಿಸ್ಥಾನದ ಆ ಜಾಗದಲ್ಲಿ ನೆಟ್ಟಳು. ಕೊಳೆಯಿತು. ಮರುವರ್ಷವೂ ನೆಟ್ಟಳು, ಅದೂ ಕೊಳೆಯಿತು. ಅಟ್ಟದಲ್ಲಿದ್ದ ಬಿಳಿ ಐರಿಸ್ ಗೆಡ್ಡೆಗಳ ಬುಟ್ಟಿಯೇ ಕಾಣೆಯಾಯಿತು. ಅತ್ತೆಯೇ ಹೊಳೆಗೆ ಎಸೆದಿರಬೇಕು. ಕೂಸಿನ ನೆಲಕ್ಕೂ ನನ್ನ ಕೈ ಬೇಡವಾಯಿತೆಂದು ಅವಳು ಮಣ್ಣು ಮುಟ್ಟುವುದನ್ನೇ ಬಿಟ್ಟಳು.

"ಏಳೇ, ಇನ್ನೂ ಎಷ್ಟು ವರ್ಷ ಒಲೆ ಮುಂದೆ ಕೂತಿರ್ತೀಯ?" ನೆರೆಮನೆಯ ರಾಹತಿ ಅಂಗಳಕ್ಕೆ ಬಂದು ಬುಟ್ಟಿ ಇಳಿಸಿದಳು. ಹಿಂದೆಯೇ ಶಮೀಮಾ, ಹೆಗಲಲ್ಲಿ ಗುದ್ದಲಿ. "ನನ್ನ ಯಜಮಾನನ ಗೋರಿಗೆ ನೀನೇ ಕೊಟ್ಟ ಗೆಡ್ಡೆ ಇವು," ಎಂದಳು ರಾಹತಿ. "ಬದುಕಿದ್ದಾಗ ಯಾರಿಗೂ ಒಂದು ಹಿಡಿ ಹುಲ್ಲು ಕೊಟ್ಟೋನಲ್ಲ. ಈಗ ನೋಡು, ಬುಟ್ಟಿ ತುಂಬ ಕೊಡ್ತಿದಾನೆ."

"ಎಲ್ಲಾ ನೇರಳೆನೇ," ಎಂದಳು ಶಮೀಮಾ. "ಬಿಳೀದು ಊರಲ್ಲೇ ಇಲ್ಲ. ಅದು ಬೀಜ ಕಟ್ಟಲ್ಲ ನೋಡು, ಯಾರಾದ್ರೂ ಕೈಯಾರೆ ನೆಟ್ರೆ ಉಂಟು."

"ಗೋರಿಸ್ಥಾನದ ಆ ತಗ್ಗಲ್ಲಿ ನೀರು ನಿಂತು ಕೊಳೀತು, ನಿನ್ನ ಕೈ ದೋಷ ಅಲ್ಲ," ಎಂದಳು ರಾಹತಿ. "ಮೊದಲು ಇಲ್ಲೇ ಎಬ್ಬಿಸೋಣ. ಆಮೇಲೆ ಕೂಸಿನ ಹತ್ರ ಒಯ್ಯಿ."

ತಸ್ಲೀಮಾ ಒಂದು ಗೆಡ್ಡೆ ಎತ್ತಿಕೊಂಡಳು. ಬೆರಳುಗಳಿಗೆ ಹಳೆಯ ಕೆಲಸ ನೆನಪಿತ್ತು.

ಅಂಗಳವೆಲ್ಲ ಅಕ್ರೋಟು ಮರದ ನೆರಳು. ಬಿಸಿಲು ಬೀಳುವುದು ಆ ಮೂಲೆಗೊಂದೇ.

"ಫಾಜಿ ದೇದ್, ಬೀಗ ತೆಗೀರಿ," ಎಂದಳು ರಾಹತಿ. "ನಿಮ್ಮ ಬೆಳ್ಳುಳ್ಳಿ ನಾವೇ ಕಿತ್ತು ಕೊಡ್ತೀವಿ."

"ನಾನು ಸತ್ತ ಮೇಲೆ ಕೀಳಿ."

"ಬೆಳ್ಳುಳ್ಳಿಗೆ ಇಷ್ಟು ಕಾವಲಾ?" ಶಮೀಮಾ ನಕ್ಕಳು. "ಬಂಗಾರ ಗಿಂಗಾರ ಇಟ್ಟಿದೀರೇನು?"

ಫಾಜಿಯ ತುಟಿ ದುವಾ ಹೇಳುವವರಂತೆ ಆಡುತ್ತಿತ್ತು.

ತಸ್ಲೀಮಾ ಗುದ್ದಲಿಯನ್ನು ಕೈಗೆ ತೆಗೆದುಕೊಂಡು ಅತ್ತೆಯತ್ತ ತಿರುಗಿದಳು. "ಬೊಬಾ, ಹೊರಗೆ ಹೋಗೋಕೆ ನಿಮ್ಮನ್ನ ಕೇಳಬೇಕು, ಒಳಗೆ ಅಳೋಕೂ ಕೇಳಬೇಕು. ನನ್ನ ಕೂಸಿಗೊಂದು ಹೂ ಬೆಳೆಸೋಕೆ ಈ ಮನೇಲಿ ಗುದ್ದಲಿಯಗಲ ಬಿಸಿಲೂ ಇಲ್ವಾ?"

ಬೇಲಿಯ ಮೇಲೆ ಮೊದಲ ಏಟು ಬಿತ್ತು. ಎರಡನೆಯದು ಬೀಳಲಿಲ್ಲ. ಫಾಜಿ ಎರಡೂ ಕೈಯಲ್ಲಿ ಗುದ್ದಲಿಯ ಬಾಯನ್ನೇ ಹಿಡಿದುಕೊಂಡಿದ್ದಳು.

"ಗುದ್ದಲಿ ಬೇಡ ಕಣೇ. ಒಳಗೆ ಬಾ. ಗುದ್ದಲಿ ಮಾತ್ರ ಬೇಡ."

ಅವಳು ಒಳಜೇಬಿನಿಂದ ಬೀಗದ ಕೈ ತೆಗೆದು ಕದ ತೆರೆದಳು. ನೆರೆಯವರಿಬ್ಬರೂ ಹೊಸಿಲಿಗೆ ಸರಿದು ನಿಂತರು.

ಬೇಲಿಯೊಳಗೆ ಬೆಳ್ಳುಳ್ಳಿ ಇರಲಿಲ್ಲ. ತೊಟ್ಟಿಲಿನಷ್ಟು ಉದ್ದದ ಒಂದೇ ಮಡಿ. ಒಂದು ಕಳೆಯೂ ಇಲ್ಲ. ಮಡಿಯ ತುಂಬ ಬಿಳಿ ಐರಿಸ್, ಮಳೆಹನಿ ಹೊತ್ತು ಅರಳಿದ್ದವು.

ಫಾಜಿ ಮಂಡಿಯೂರಿದಳು. ಬೆರಳಲ್ಲೇ ಮಣ್ಣು ಸಡಿಲಿಸಿ, ಅಂಚಿನ ಒಂದು ಗೆಡ್ಡೆಯನ್ನು ಮೆಲ್ಲನೆ ಬಿಡಿಸಿದಳು. ತಲೆವಸ್ತ್ರದ ಸೆರಗಿನಿಂದ ಒರೆಸಿ ಸೊಸೆಯ ಅಂಗೈಯಲ್ಲಿ ಇಟ್ಟಳು.

"ನಿನ್ನ ಬುಟ್ಟಿಯದೇ. ಆಗ ಹೇಳಿದ್ರೆ ನೀನೂ ಉಳೀತಿರಲಿಲ್ಲ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

ಆಮೇಲೆ, ಮಡಿಯ ಮೇಲಿಂದ ಕೈ ತೆಗೆಯದೆಯೇ, ಅಂದಳು: "ಆ ದಿನ ಗೋರಿಸ್ಥಾನದ ದಾರಿ ತೆರೆದಿರಲಿಲ್ಲ, ಮಗಳೇ."