ಭಾರದ ಇಸ್ತ್ರಿ

"ಹಗುರದ್ದು ಬ್ಯಾಡ್ರಿ, ಭಾರದ್ದು ತೋರಸ್ರಿ," ಎಂದಳು ಸೊಸೆ ಅಂಗಡಿಯವನಿಗೆ. "ಕೌದಿ ಹೊಲಿಗಿ ಚಪ್ಪಟಿ ಕೂಡಬೇಕು. ಹಬೆ ಬಿಡೋದೂ ಬ್ಯಾಡ, ನೀರು ಸೋರಿ ಹಳೇ ಬಟ್ಟಿ ಬಣ್ಣ ಬಿಡತೈತಿ."

ಪಕ್ಕದಲ್ಲಿದ್ದ ಅತ್ತೆ ಅಂಗಡಿಯವನಿಗೂ ಕೇಳುವಂತೆ ನಕ್ಕಳು. "ಚಿಂದಿ ಹೊಲಿಯಾಕಿಗೆ ಇಸ್ತ್ರಿ ಪೆಟಗಿ ಬ್ಯಾರೆ ಕೇಡು! ಯಾರ ಕೌದಿ ಅದು?"

"ತೊಟ್ಟಿಲ ಕೌದಿ ಅತ್ತಿ. ಪ್ಯಾಟ್ಯಾಗಿನ ಬಸುರಿ ಒಬ್ಬಾಕಿ ಹೊಲಿಯಾಕ ಕೊಟ್ಟಾಳ. ತನ್ನ ಹಳೇ ಸೀರಿ, ಕೂಸಿನ ಅಪ್ಪನ ಹಳೇ ಅಂಗಿ, ಎರಡೂ ತಂದು ಕೊಟ್ಟಾಳ."

"ಮಂದಿ ಕೂಸಿಗೆ ಹೊಲಕೋತ ಕೂಡು ನೀ! ನಮ್ಮನಿ ತೊಟ್ಟಿಲದಾಗ ಜೇಡ ಬಲಿ ಕಟ್ಟೈತಿ. ಇಷ್ಟ ವರ್ಷದಾಗ ನನ್ನ ಮಗಗ ಏನ ಕೊಟ್ಟಿ?"

ಅಂಗಡಿಯವನು ಮುಖ ತಿರುಗಿಸಿದ. ಸೊಸೆ ಎಲ್ಲಕ್ಕಿಂತ ಭಾರದ ಇಸ್ತ್ರಿಯನ್ನೇ ಆರಿಸಿ ಕಾಯಲು ಹಾಕಿಸಿದಳು. ಚೀಲದಿಂದ ಆ ಕೌದಿಗೆಂದು ಬಂದ ಬಟ್ಟೆಯ ಮುದುಡಿದ ತುಂಡೊಂದನ್ನು ತೆಗೆದು ಮೇಜಿನ ಮೇಲೆ ಹರಡಿದಳು.

"ನೀವ ತಿಕ್ಕಿ ನೋಡ್ರಿ ಅತ್ತಿ."

"ತಾ ಇಲ್ಲೆ, ಅದೇನು ದೊಡ್ಡ ವಿದ್ಯೆ!"

ಅತ್ತೆ ಇಸ್ತ್ರಿ ಒತ್ತಿ ಎಳೆದಳು. ಸುಕ್ಕು ಬಿಡಿಸಿಕೊಂಡು ನೀಲಿ ಚೌಕಳಿಯ ಜೇಬೊಂದು ಅಗಲವಾಯಿತು. ಅದರ ಮೂಲೆಯಲ್ಲಿ ದಪ್ಪ ಕೆಂಪು ಹೊಲಿಗೆ. ಕಳೆದ ದೀಪಾವಳಿಗೆ ನೀಲಿ ದಾರ ಸಿಗದೆ ಅತ್ತೆ ತನ್ನ ಕೈಯಾರೆ ಹಾಕಿದ್ದ ಹೊಲಿಗೆ.

ಅವಳ ಕೈ ಅಲ್ಲೇ ನಿಂತುಬಿಟ್ಟಿತು.

"ಇಸ್ತ್ರಿ ಎತ್ರಿ ಅತ್ತಿ," ಎಂದಳು ಸೊಸೆ. "ನಿಮ್ಮ ಮಗನ ಅಂಗಿ ಸುಡಾಕತ್ತೈತಿ."