ಕಣಗಿಲೆಯೊಳಗಿನ ಹಳದಿ ತಂತಿ

ತಂತಿ ಕೊನೆಗೂ ಸಿಕ್ಕಿತು. ಅರ್ಗಿರಿಸ್ ಕಣಗಿಲೆ ಗಿಡಗಳ ನಡುವೆ ಮಂಡಿಯೂರಿದ. ಹಳದಿ ತಂತಿ, ಬೆರಳಿನಷ್ಟು ದಪ್ಪ. ಒಂದು ತುದಿ ಅವನದೇ ಕ್ಯಾರವಾನಿನ ಅಡಿಗೆ ಹೋಗಿತ್ತು, ಇನ್ನೊಂದು ಪಕ್ಕದ ಪೆಲಾಗಿಯಾಳ ವ್ಯಾನಿಗೆ. ಕಾಣದಿರಲೆಂದು ಯಾರೋ ಮೇಲೆ ತರಗೆಲೆ ಹರಡಿದ್ದರು.

ಎಂಟು ದಿನದ ಅನುಮಾನ ಇದು. ಗ್ರೀಸಿನ ಪ್ರೆವೆಜಾದ ಈ ಕಡಲತೀರದ ರಜಾ ಶಿಬಿರದಲ್ಲಿ ಪ್ರತಿ ಜಾಗಕ್ಕೂ ಒಂದು ಕರೆಂಟು ಕಂಬ. ಒಬ್ಬಳೇ ಊರೂರು ಸುತ್ತುವ ಪೆಲಾಗಿಯಾ ತನ್ನ ಕಂಬವನ್ನು ಮುಟ್ಟಿಯೇ ಇಲ್ಲ. ಜನರೇಟರಿನ ಸದ್ದಿಲ್ಲ. ಸೋಲಾರ್ ಎನ್ನೋಣವೆಂದರೆ ವ್ಯಾನು ನಿಂತಿರುವುದು ಪೈನ್ ಮರಗಳ ದಟ್ಟ ನೆರಳಲ್ಲಿ. ಆದರೂ ಒಳಗೆ ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ. ಕರೆಂಟೇನು ಆಕಾಶದಿಂದ ಉದುರುತ್ತದೆಯೇ?

ಮೊನ್ನೆ ಇವನು ಕೆಟಲ್ ಹಾಕಿದ್ದೇ ತಡ, ಫ್ರಿಜ್ ಸಮೇತ ಎಲ್ಲ ಆರಿಹೋಗಿತ್ತು. "ನೀನು ಕೂತ್ಕೋ, ನಾನು ನೋಡ್ತೀನಿ" ಎಂದು ಹೆಂಡತಿ ಎವಾಂಥಿಯಾ ಹೊರಗೆ ಓಡಿದ್ದಳು. ಐದು ನಿಮಿಷಕ್ಕೆ ಕರೆಂಟು ಬಂತು. ಅಂದಿನಿಂದ ಕಾಫಿ ಗ್ಯಾಸಿನ ಮೇಲೇ. ಆ ಫ್ರಿಜ್ಜಿನಲ್ಲಿರುವುದು ಅವಳ ಇನ್ಸುಲಿನ್. ಹೊರಗೆ ಆಗಸ್ಟಿನ ನಲವತ್ತು ಡಿಗ್ರಿ. ಆದರೂ ಅವಳಿಗೆ ಬುದ್ಧಿಯಿಲ್ಲ. ದಿನಾ ಮಧ್ಯಾಹ್ನ ಅಕ್ಕಿ ತುಂಬಿದ ಟೊಮೆಟೊ ಮಾಡಿ ಮೊದಲ ತಟ್ಟೆಯನ್ನು ಆ ಪೆಲಾಗಿಯಾಳಿಗೇ ಕೊಟ್ಟು ಬರುತ್ತಾಳೆ.

ಅರ್ಗಿರಿಸ್ ನಲವತ್ತು ವರ್ಷ ಹಡಗುಗಳಿಗೆ ವೈರಿಂಗ್ ಮಾಡಿದವನು. ಈ ವಸಂತದಲ್ಲಿ ಅವನು ಜೋಡಿಸಿದ ಸ್ವಿಚ್‌ಬೋರ್ಡೊಂದು ಸುಟ್ಟಿತು. "ಕೈ ನಡುಗ್ತಿದೆ ಬಾರ್ಬಾ, ವಯಸ್ಸಾಯ್ತು ನಿಮಗೆ, ಇನ್ನು ಸಾಕು" ಎಂದು ಮೊಮ್ಮಕ್ಕಳ ವಯಸ್ಸಿನವರ ಎದುರೇ ಮನೆಗೆ ಕಳಿಸಿದರು. ಆ ಅವಮಾನಕ್ಕೆ ತಿಂಗಳುಗಟ್ಟಲೆ ಅವನು ಕಾಫಿ ಅಂಗಡಿಯ ಕಡೆ ತಲೆ ಹಾಕಿರಲಿಲ್ಲ. ಇಲ್ಲಿಗೆ ಬಂದ ದಿನ ಕಂಬದ ಸಾಕೆಟ್ ಸಡಿಲವಿತ್ತು. ಯಾರನ್ನೂ ಕರೆಯದೆ ತಾನೇ ಬಿಚ್ಚಿ ಹೊಸದು ಕೂರಿಸಿದ. ಕೈ ನಡುಗಲೇ ಇಲ್ಲ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ಈಜಲು ಹೋದ. ವಾಪಸ್ಸು ಬಂದಾಗ ಎವಾಂಥಿಯಾ ಕಂಬಕ್ಕೊಂದು ಟವಲು ಹೊದಿಸಿದ್ದಳು. "ನೀನು ಮಾಡಿದ ಕೆಲಸ, ಧೂಳು ಕೂರೋದು ಬೇಡ" ಎಂದಿದ್ದಳು. ಅವನಿಗೆ ಹಿಗ್ಗೋ ಹಿಗ್ಗು.

ಈಗ ಮಧ್ಯಾಹ್ನದ ಮೌನದ ಹೊತ್ತು. ಈ ಹೊತ್ತಿನಲ್ಲಿ ಮಕ್ಕಳು ಚೆಂಡು ಕುಕ್ಕಿದರೂ ಗದರುವವನು ಅವನೇ. ಇವತ್ತು ಇಡೀ ಶಿಬಿರವೇ ಏಳುವಂತೆ ಕೂಗಿದ.

"ಬನ್ನಿ, ಎಲ್ಲಾರೂ ನೋಡಿ. ನನ್ನ ಹೆಂಡ್ತಿ ಕೈ ಅಡುಗೆ ತಿಂದು ನಮ್ಮ ಕರೆಂಟೇ ಕದೀತಾಳೆ. ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ."

ತಂತಿ ಸೇರಿದ್ದ, ವ್ಯಾನಿನ ಪಕ್ಕದ ಪೆಟ್ಟಿಗೆಯ ಬಾಗಿಲು ಎಳೆದು ತೆರೆದು ಪ್ಲಗ್ಗಿಗೆ ಕೈ ಹಾಕಿದ. ಪೆಲಾಗಿಯಾ ಹೊರಗೆ ಬಂದಳು. ಅವಳ ನೋಟ ಅವನನ್ನು ದಾಟಿ, ಹಿಂದೆ ಓಡಿಬಂದಿದ್ದ ಎವಾಂಥಿಯಾಳ ಮೇಲೆ ನಿಂತಿತು.

"ಅದನ್ನ ಕೀಳಬೇಡಿ ಬಾರ್ಬಾ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ಹೆದರಿಸ್ತೀಯಾ?" ಕಿತ್ತೇಬಿಟ್ಟ.

ವ್ಯಾನಿನೊಳಗೆ ಫ್ಯಾನು ತಿರುಗುತ್ತಲೇ ಇತ್ತು. ದೀಪವೂ ಆರಲಿಲ್ಲ. ಅವನು ಬಗ್ಗಿ ನೋಡಿದ. ಒಳಗೊಂದು ಬೂದುಬಣ್ಣದ ಡಬ್ಬ, ಪಕ್ಕದಲ್ಲಿ ಬಿಳಿ ಕ್ಯಾನು. ಸಣ್ಣ ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಲಗಿದ ಬೆಕ್ಕಿನ ಉಸಿರಿಗಿಂತ ಹೆಚ್ಚಿನ ಸದ್ದಿಲ್ಲ.

"ಇಂಧನ ಕೋಶ," ಎಂದಳು ಪೆಲಾಗಿಯಾ. "ಆ ಕ್ಯಾನಲ್ಲಿರೋ ಮೆಥನಾಲ್ ತಗೊಂಡು ಇದೇ ಕರೆಂಟು ಮಾಡುತ್ತೆ. ನನಗೆ ಯಾರ ಕಂಬವೂ ಬೇಡ."

"ಮತ್ತೆ ಈ ತಂತಿ?"

"ಅದನ್ನ ಹೇಳೋಳು ನಾನಲ್ಲ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ನಲವತ್ತು ವರ್ಷದ ಅನುಭವ, ನೋಡ್ರಪ್ಪಾ," ಎಂದಿತು ಒಂದು ದನಿ. ಅರ್ಗಿರಿಸನ ಕಿವಿ ಕಾದವು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಊರು ಬಿಟ್ಟು ಊರಿಗೆ ಬಂದ ಹೆಣ್ಣುಮಗಳನ್ನು ನಾಲ್ಕು ಜನರ ನಡುವೆ ಕಳ್ಳಿ ಎಂದಿದ್ದ. "ತಪ್ಪಾಯ್ತಮ್ಮ," ಎಂದ, ದನಿ ಅವನಿಗೇ ಕೇಳಿಸಲಿಲ್ಲ. ಪ್ಲಗ್ಗು ಹಿಡಿದ ಕೈ ನಡುಗುತ್ತಿತ್ತು. ಅದನ್ನು ಕೆಳಗಿಟ್ಟು ಕೈಯನ್ನು ಜೇಬಿಗೆ ತುರುಕಿಕೊಂಡ.

ತಲೆ ತಗ್ಗಿಸಿ ಕ್ಯಾರವಾನಿಗೆ ಮರಳಿದಾಗ ಎವಾಂಥಿಯಾ ಇನ್ಸುಲಿನ್ ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಫ್ರಿಜ್ಜಿನೊಳಗೆ ಕತ್ತಲು.

"ಇದ್ಯಾಕೆ ನಿಂತಿದೆ?"

ಅವಳು ಹೊರಗೆ ಬಂದು ಕಂಬದ ಟವಲು ತೆಗೆದಳು. ಅವನು ಕೂರಿಸಿದ್ದ ಸಾಕೆಟ್ ಸುಟ್ಟು, ಕರಗಿ, ಕರಿ ಮುದ್ದೆಯಾಗಿತ್ತು.

"ನೀನು ಈಜೋಕೆ ಹೋದಾಗಲೇ ಸುಟ್ಟುಹೋಯ್ತು ಅರ್ಗಿರಿ. ನಿನಗೆ ಗೊತ್ತಾಗಬಾರದು ಅಂತ ನಾನೇ ಪೆಲಾಗಿಯಾಳನ್ನ ಕೈಮುಗಿದು ಕೇಳ್ಕೊಂಡೆ. ಎಂಟು ದಿನದಿಂದ ನಮ್ಮ ಫ್ರಿಜ್ ನಡೆದದ್ದು ಆ ಹುಡುಗಿ ಕೊಟ್ಟ ಕರೆಂಟಲ್ಲಿ."